ಬಾಲಿ ಒಂದು ದಿನದ ಪ್ಲಾನ್: ಗಂಟು ಬಿಡಿಸಿದ್ದು ಕೊಕ್ಕರೆಗಳು

ಕೊನೆಗೂ ಕೂತಿತು! ಜಲಪಾತ, ಮೆಟ್ಟಿಲು ಗದ್ದೆ, ಪ್ರಾಣಿಪಕ್ಷಿ ಮೂರೂ ಒಂದೇ ದಿನಕ್ಕೆ. ಅದೂ ಊಟಕ್ಕೆ ಸಮಯ ಬಿಟ್ಟು. ಟಿಕೆಟ್, ವೀಸಾ, ಆಫ್‌ಲೈನ್ ಮ್ಯಾಪ್ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. 2024ರ ಫೆಬ್ರವರಿಯಿಂದ ಬಂದಿರುವ 1,50,000 ರುಪಿಯಾ (ಇಂಡೊನೇಷ್ಯಾದ ಹಣ) ಪ್ರವಾಸಿ ಶುಲ್ಕವನ್ನು ಮಾತ್ರ ಹೊರಡುವ ಮೊದಲೇ ಕಟ್ಟಿಬಿಡಿ. ಸೊನ್ನೆ ನೋಡಿ ಗಾಬರಿಯಾಗಬೇಡಿ, ಅಲ್ಲಿ ಕಾಫಿ ಕುಡಿದರೂ ಲೆಕ್ಕ ಸಾವಿರಗಳಲ್ಲೇ.

ನನ್ನ ತಲೆ ತಿಂದದ್ದು ರಸ್ತೆ. ಜಾತಿಲುವಿಯ ಗದ್ದೆ ನೋಡಿ, ಅಲ್ಲಿಂದ ಹಾಗೇ ಉತ್ತರಕ್ಕೆ ಮುಂಡುಕ್ ಕಡೆಯ ಜಲಪಾತಗಳಿಗೆ ಹೋಗೋಣ ಅಂತ ಹಾಕಿಕೊಂಡಿದ್ದೆ. ಮ್ಯಾಪಿನಲ್ಲಿ ಒಂದು ಗೇಣೂ ಇಲ್ಲ. ಆದರೆ ನಡುವೆ 2,276 ಮೀಟರ್ ಎತ್ತರದ ಬಟುಕಾರು ಬೆಟ್ಟ ಕಾಲು ಚಾಚಿ ಕೂತಿದೆ. ರಸ್ತೆ ಅದನ್ನು ಸುತ್ತಿಕೊಂಡು, ಬೆಡುಗುಲ್ ಊರಿನ ಮೂಲಕ ಹೋಗಬೇಕು. ಸರಿ, ಬೆಟ್ಟ ಬಿಟ್ಟು ಪೂರ್ವಕ್ಕೆ ಉಬುದ್ ಕಡೆ ತಿರುಗೋಣ ಅಂದರೆ ಅಲ್ಲೂ ಅದೇ ಗೋಳು.

ಕಾರಣ ಹೊಳೆದ ಮೇಲೆ ಎಲ್ಲ ಸಲೀಸಾಯಿತು. ಬಾಲಿಯ ಬೆಟ್ಟಗಳು ಜ್ವಾಲಾಮುಖಿಗಳು. ಅವು ಉಗುಳಿದ ಬೂದಿ ಗಟ್ಟಿಯಾಗಿ ಮೆದು ಕಲ್ಲಾಗಿದೆ. ಮೇಲಿಂದ ದಕ್ಷಿಣಕ್ಕೆ ಇಳಿಯುವ ಹೊಳೆಗಳು ಅದನ್ನು ಆಳವಾಗಿ ಕೊರೆದಿವೆ. ಹಾಗಾಗಿ ನೆಲ ಬಾಚಣಿಗೆಯ ಹಾಗಿದೆ. ರಸ್ತೆಗಳು ಹಲ್ಲಿನ ಉದ್ದಕ್ಕೂ ಉತ್ತರ ದಕ್ಷಿಣವಾಗಿ ಓಡುತ್ತವೆ. ಒಂದು ಹಲ್ಲಿನಿಂದ ಪಕ್ಕದ್ದಕ್ಕೆ ಹಾರೋದು ಕಷ್ಟ, ಸೇತುವೆ ಇರುವಲ್ಲಿಗೇ ಹೋಗಬೇಕು. ಈ ದ್ವೀಪದಲ್ಲಿ ಕಿಲೋಮೀಟರ್ ಲೆಕ್ಕ ಹಾಕಬಾರದು, ಕಮರಿ ಲೆಕ್ಕ ಹಾಕಬೇಕು.

ಅಲ್ಲಿಗೆ ನಿಯಮ ಒಂದೇ: ಒಂದು ದಿನಕ್ಕೆ ಒಂದೇ ಹಲ್ಲು, ಅಂದರೆ ಎರಡು ಕಮರಿಗಳ ನಡುವಿನ ಒಂದೇ ನೆಲದ ಪಟ್ಟಿ. ಬೆಳಿಗ್ಗೆ ಬೇಗ, ಜನ ಸೇರುವ ಮೊದಲು ಪೆತಾನು ಹೊಳೆಯ ತೆಗೆನುಂಗನ್ ಜಲಪಾತ. ಅಲ್ಲಿಂದ ನೇರ ಉತ್ತರಕ್ಕೆ ತೆಗಲಲಾಂಗ್ ಗದ್ದೆಗಳು. ಜಾತಿಲುವಿಯಷ್ಟು ವಿಶಾಲ ಅಲ್ಲ, ಉಯ್ಯಾಲೆ ಫೋಟೋ ಹಾವಳಿ ಬೇರೆ. ಜಾತಿಲುವಿ ಬಿಟ್ಟದ್ದು ಹೊಟ್ಟೆ ಉರಿಯುತ್ತೆ. ಸುಬಾಕ್ ಎಂಬ ರೈತರ ಕೂಟದ ನೀರಾವರಿಗಾಗಿ 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ ಅದು. ಮೇಲಿನ ಗದ್ದೆಯವರು, ಕೆಳಗಿನ ಗದ್ದೆಯವರು ದೇವಸ್ಥಾನದಲ್ಲಿ ಕೂತು ನಾಟಿಯ ದಿನ ಗೊತ್ತು ಮಾಡ್ತಾರೆ. ಒಟ್ಟಿಗೆ ಬೆಳೆದು ಒಟ್ಟಿಗೆ ಬೀಳು ಬಿಟ್ಟರೆ ಇಲಿ, ಹುಳಕ್ಕೆ ಮೇವಿಲ್ಲ. ಕಾವೇರಿ ಬಯಲಿನಲ್ಲಿ ಕೊನೆ ಭಾಗದ ರೈತರ ಜಗಳ ಕಂಡವರಿಗೆ ಇದು ಪವಾಡವೇ. ಅದಕ್ಕೇ ಬೇರೆ ದಿನ ಇಡ್ತೀನಿ.

ಇನ್ನು ಪ್ರಾಣಿ. ಇಲ್ಲಿ ಪ್ಯಾಕೇಜ್ ಮಾರುವವರ ಮೇಲೆ ನನಗೆ ಸಿಟ್ಟಿದೆ. ‘ವೈಲ್ಡ್‌ಲೈಫ್’ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಕೆದಕಿ ಕೇಳಿದರೆ ಪಂಜರದಲ್ಲಿರುವ ಪುನುಗು ಬೆಕ್ಕು, ಪಕ್ಕದಲ್ಲೇ ಆ ಬೆಕ್ಕು ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜದ ಲುವಾಕ್ ಕಾಫಿ ಅಂಗಡಿ! ಒಬ್ಬರಂತೂ ‘ಮುಟ್ಟಬಹುದು ಸರ್’ ಅಂದರು. ಉಬುದ್‌ನ ಮಂಗಗಳ ಕಾಡು ಚೆನ್ನಾಗಿದೆ, ಒಪ್ಪಿದೆ. ಆದರೆ ಕನ್ನಡಕ ಕಿತ್ತುಕೊಳ್ಳೋಕೆ ನಂದಿ ಬೆಟ್ಟದ ಮಂಗಗಳು ಸಾಕಲ್ವಾ?

ಉತ್ತರ ಸಿಕ್ಕಿದ್ದು ಪೆತುಲು ಎಂಬ ಹಳ್ಳಿಯಲ್ಲಿ. ತೆಗಲಲಾಂಗ್‌ನಿಂದ ಉಬುದ್‌ಗೆ ಇಳಿಯುವ ದಾರಿಯ ಪಕ್ಕದಲ್ಲೇ ಇದೆ. ದಿನವಿಡೀ ಗದ್ದೆಗಳಲ್ಲಿ ಮೇಯ್ದ ಸಾವಿರಾರು ಕೊಕ್ಕರೆ, ಬಕ, ಗೋವಕ್ಕಿಗಳು ಸಂಜೆ ಈ ಊರ ಮರಗಳಿಗೆ ವಾಪಸ್ ಬರ್ತವೆ. ಬಂದು ನೆಲೆಸಿದ್ದು 1965ರಲ್ಲಿ. ಆ ವರ್ಷ ಶುರುವಾದ ಕಮ್ಯುನಿಸ್ಟ್ ವಿರೋಧಿ ಹತ್ಯಾಕಾಂಡದಲ್ಲಿ ಸತ್ತವರ ಆತ್ಮಗಳು ಅಂತ ನಂಬುವವರೂ ಇದ್ದಾರೆ. ಊರೊಳಗೇ ಹಕ್ಕಿ ಸಾಕುವ ನಮ್ಮ ಕೊಕ್ಕರೆ ಬೆಳ್ಳೂರು ನೆನಪಾಗದೆ ಇರಲ್ಲ. ಮದ್ದೂರು ಕಡೆಯವನಾದ ನನಗಂತೂ ಇದು ನೆಂಟರ ಮನೆ.

ಪ್ಲಾನಿನ ಚಂದ ಇರೋದು ಇಲ್ಲೇ. ಹಕ್ಕಿ ಬರೋದು ಐದರ ನಂತರ. ಭೂಮಧ್ಯರೇಖೆಯ ದಕ್ಷಿಣಕ್ಕಿರೋದರಿಂದ ಜುಲೈನಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗ್ತಾನೆ. ಅಂದರೆ ಕೊನೆಯ ನಿಲ್ದಾಣದ ಸಮಯ ತಾನಾಗಿ ನಿಗದಿಯಾಯಿತು, ಉಳಿದದ್ದನ್ನು ಹಿಂದಕ್ಕೆ ಜೋಡಿಸಿದರಾಯಿತು. ತಲೆಗೊಂದು ಟೋಪಿ ಇರಲಿ, ಮರದ ಕೆಳಗೆ ನಿಲ್ತೀರಿ.

ಇಷ್ಟರಲ್ಲೇ ಮನಸ್ಸು ಪಕ್ಕದ ಲೊಂಬೊಕ್ ದ್ವೀಪಕ್ಕೆ ಹಾರಿದೆ. ನಡುವಿನ ಜಲಸಂಧಿ ಎಷ್ಟು ಆಳ ಅಂದರೆ ಕಡಲು ತಗ್ಗಿದ್ದ ಹಿಮಯುಗದಲ್ಲೂ ನೆಲ ಕೂಡಲಿಲ್ಲ. 1856ರಲ್ಲಿ ಬ್ರಿಟಿಷ್ ನಿಸರ್ಗ ವಿಜ್ಞಾನಿ ವಾಲೆಸ್ ಅದನ್ನು ದಾಟಿದಾಗ ಆ ದಡದಲ್ಲಿ ಕಾಕಟೂ ಗಿಳಿಗಳು ಸಿಕ್ಕವು, ಈ ದಡದಲ್ಲಿ ಅವು ಇರಲಿಲ್ಲ. ಬೆಳಿಗ್ಗೆ ಏಷ್ಯಾದ ಹಕ್ಕಿ, ಮಧ್ಯಾಹ್ನ ಆಸ್ಟ್ರೇಲಿಯಾ ಕಡೆಯ ಹಕ್ಕಿ. ದೋಣಿ ವೇಳಾಪಟ್ಟಿ ಆಗಲೇ ತೆರೆದು ಕೂತಿದ್ದೀನಿ.