ಪಿಂಗಾಣಿ ಹುಡುಕಿಕೊಂಡು ಜಿಂಗ್‌ದೆಜೆನ್‌ಗೆ ಹೋಗುವವರಿಗೆ

ಚೀನಾದ ಪಿಂಗಾಣಿ ಊರು ಜಿಂಗ್‌ದೆಜೆನ್‌ಗೆ ಹೋಗುವುದಾದರೆ ಸೋಮವಾರ ಅಲ್ಲಿರುವಂತೆ ಟಿಕೆಟ್ ಮಾಡಿಸಿ. ಅವತ್ತು ನಸುಕಿನಲ್ಲೇ ಹಳೇ ಪಿಂಗಾಣಿ ಸಂತೆ ಸೇರುತ್ತದೆ. ಅಲ್ಲಿನವರು ಅದನ್ನು ದೆವ್ವದ ಸಂತೆ ಅನ್ನುತ್ತಾರೆ. ನೆಲಕ್ಕೆ ಬಟ್ಟೆ ಹಾಸಿ ಬಟ್ಟಲು, ತಟ್ಟೆ, ಒಡೆದ ಚೂರು ಹರಡಿರುತ್ತಾರೆ. ಟಾರ್ಚ್ ಬೇಕೇ ಬೇಕು.

ಶಾಂಘೈನಿಂದ ವೇಗದ ರೈಲಿದೆ. ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕು. ಫೋನಿನಲ್ಲಿ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ನಿಮ್ಮ ಕಾರ್ಡ್ ಇಲ್ಲಿಂದಲೇ ಜೋಡಿಸಿಕೊಂಡು ಹೋಗಿ. ಊಟ ಖಾರ, ನಮಗೆ ಒಗ್ಗುತ್ತದೆ.

ಪ್ರಾಣಿಗಳ ಚಿತ್ರವಿರುವ ಪಿಂಗಾಣಿ ಅಂದರೆ ನನಗೆ ಪ್ರಾಣ. ಮೊದಲ ದಿನವೇ ಒಂದು ಅಂಗಡಿಯಲ್ಲಿ ಕೆಂಪು ಮೀನಿನ ಬಟ್ಟಲು ಕೊಂಡೆ. ಚಿಂಗ್ ದೊರೆಗಳ ಕಾಲದ್ದು, ಅಂದರೆ ನೂರು ವರ್ಷಕ್ಕೂ ಹಳೆಯದು ಅಂದಿದ್ದರು. ಸಂತೆಯಲ್ಲಿ ಒಬ್ಬ ಅಜ್ಜ ಅದನ್ನು ಬೋರಲು ಹಾಕಿ ತಳದ ಅಂಚು ತೋರಿಸಿದರು. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ ಹಳೆಯದು ಮಾಡಿದ್ದು! ನಿಜವಾಗಿ ಬಳಸಿದ ಬಟ್ಟಲಲ್ಲಿ ಗೀರು ಅಡ್ಡಾದಿಡ್ಡಿ ಇರುತ್ತವೆ. ಆ ದಿನ ತುಂಬಾ ಬೇಜಾರಾಯಿತು.

ಅದಕ್ಕೇ ಹೇಳುತ್ತೇನೆ, ಮೊದಲು ಕಣ್ಣು ಪಳಗಿಸಿಕೊಳ್ಳಿ. ಅರಮನೆಗೆ ಪಾತ್ರೆ ಸುಡುತ್ತಿದ್ದ ಗೂಡು ಇದ್ದ ಜಾಗದಲ್ಲಿ ಈಗ ಮ್ಯೂಸಿಯಂ ಇದೆ. ಅರ್ಧ ದಿನ ಸಾಲದು. ಚಕ್ರವರ್ತಿಗೆ ಮಾಡಿದ ಪಾತ್ರೆಯಲ್ಲಿ ಸಣ್ಣ ಊನ ಕಂಡರೂ ಒಡೆದು ಹೂಳುತ್ತಿದ್ದರು. ಆ ಚೂರುಗಳನ್ನು ಅಗೆದು ಜೋಡಿಸಿ ಇಟ್ಟಿದ್ದಾರೆ.

ಕೋಳಿ ಬಟ್ಟಲಿನ ಕತೆಯಂತೂ ತಿಳಿದಿರಲೇಬೇಕು. ಅಂಗೈಯಲ್ಲಿ ಹಿಡಿಸುವ ಬಟ್ಟಲು, ಅದರ ಮೇಲೆ ಹುಂಜ, ಹೇಟೆ, ಮರಿಗಳು. ಚೆಂಗ್‌ಹುವಾ ಚಕ್ರವರ್ತಿಯ ಕಾಲದ್ದು, 1465ರಿಂದ 1487. ನೀಲಿಯಲ್ಲಿ ಗೆರೆ ಬರೆದು, ಹೊಳಪಿನ ಲೇಪ ಕೊಟ್ಟು ಸುಟ್ಟು, ಆಮೇಲೆ ಬಣ್ಣ ತುಂಬಿ ಮತ್ತೆ ಸುಡುತ್ತಿದ್ದರು. 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಅಂಥದ್ದೊಂದು 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಜಾಸ್ತಿಗೆ ಹೋಯಿತು. ಈಗ ಅದರ ನಕಲು ಎಲ್ಲೆಲ್ಲೂ ಸಿಗುತ್ತದೆ. ತಳದಲ್ಲಿ ಚೆಂಗ್‌ಹುವಾ ಹೆಸರಿದೆ ಅಂತ ಸುಮ್ನೆ ನಂಬಬೇಡಿ. ಇನ್ನೂರು ವರ್ಷ ಆದಮೇಲೆ ಕಾಂಗ್‌ಶಿ ಚಕ್ರವರ್ತಿಯ ಕಾಲದವರೂ ಗೌರವದಿಂದ ಅದೇ ಹೆಸರು ಬರೆದಿದ್ದಾರೆ.

ಚಿತ್ರಗಳಿಗೂ ಅರ್ಥವಿದೆ. ಬಾವಲಿಗೂ ಭಾಗ್ಯಕ್ಕೂ ಚೀನೀ ಭಾಷೆಯಲ್ಲಿ 'ಫು' ಎಂಬ ಒಂದೇ ಉಚ್ಚಾರ. ನಮ್ಮಲ್ಲಿ ಅಪಶಕುನ ಅನ್ನುವ ಬಾವಲಿ ಅಲ್ಲಿ ಮದುವೆ ಉಡುಗೊರೆಯ ತಟ್ಟೆಯ ಮೇಲೂ ಹಾರುತ್ತದೆ! ಮೀನಿಗೂ ಸಮೃದ್ಧಿಗೂ ಹಾಗೆಯೇ 'ಯು'.

ಒಂದು ಮುಖ್ಯ ಮಾತು. 1911ಕ್ಕಿಂತ ಹಿಂದಿನ ವಸ್ತುಗಳನ್ನು ಸಾಮಾನ್ಯವಾಗಿ ಚೀನಾದಿಂದ ಹೊರಗೆ ಒಯ್ಯುವಂತಿಲ್ಲ. ಅಸಲಿ ಸಿಕ್ಕರೂ ತರಲಾಗದು, ತರಲಾದರೆ ಅಸಲಿಯಲ್ಲ, ಅಲ್ವಾ? ಅದೇ ಊರಿನ ತಾವೊಶಿಚುವಾನ್ ಎಂಬ ಜಾಗದಲ್ಲಿ ಹೊಸ ಕಲಾವಿದರು ಕೂತು ಮಾರುತ್ತಾರೆ. ನಾನು ಅಲ್ಲೊಂದು ಕೋಳಿ ಬಟ್ಟಲು ಕೊಂಡೆ, ಹೊಸದು ಅಂತ ಹೇಳಿಯೇ ಕೊಟ್ಟರು. ಕಾಲುಚೀಲದೊಳಗೆ ತುರುಕಿ, ಟವೆಲಿನಲ್ಲಿ ಸುತ್ತಿ, ಕೈಚೀಲದಲ್ಲೇ ತಂದೆ. ನೀವೂ ದೊಡ್ಡ ಲಗೇಜಿಗೆ ಹಾಕಬೇಡಿ.