ಕೆಜಿಎಫ್‌ನಲ್ಲಿ ಹನ್ನೊಂದು ಟೀ

ಭಾನುವಾರ ಕೆಜಿಎಫ್‌ಗೆ ಹೋಗುವವರು ವಾಪಸ್ ಬರೋ ರೈಲಿನ ವಿಷಯದಲ್ಲಿ ಫೋನನ್ನು ನಂಬಬೇಡಿ. ಸ್ಟೇಷನ್ನಿಗೆ ಹೋಗಿ, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ನನ್ನ ಆ್ಯಪ್ ಎರಡು ಗಂಟೆಗೆ ರೈಲಿದೆ ಎಂದಿತ್ತು. ಬ್ಯಾಗ್ ಹೊತ್ತು, ಬೆವರು ಸುರಿಸಿಕೊಂಡು ಉರಿಗಾಂ ಸ್ಟೇಷನ್ನಿಗೆ ಬಂದರೆ ಪ್ಲಾಟ್‌ಫಾರ್ಮಿನಲ್ಲಿ ಎರಡು ಮೇಕೆ, ಬೆಂಚಿನ ಮೇಲೆ ಮಲಗಿದ್ದ ಒಬ್ಬ ಮನುಷ್ಯ. ಆತ ಕಣ್ಣೂ ತೆರೆಯದೆ "ಆ ರೈಲು ಸಂಡೇ ಇಲ್ಲ ಸಾರ್" ಅಂದ. ನಾನಿನ್ನೂ ಏನೂ ಕೇಳಿರಲೇ ಇಲ್ಲ. ನನ್ನಂಥವರು ವಾರಕ್ಕಿಷ್ಟು ಜನ ಬರುತ್ತಾರೇನೋ.

ತುಮಕೂರಿನಿಂದ ಹೊರಟು ಮೂರನೇ ದಿನ ಅದು. ಮೊದಲೆರಡು ದಿನ ಕೋಲಾರದಲ್ಲಿ ಕಳೆದವು. ಅಂತರಗಂಗೆ ಹತ್ತಿದೆ, ಸೋಮೇಶ್ವರ ದೇವಸ್ಥಾನದ ಕಂಬಗಳ ಮುಂದೆ ನಿಂತೆ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೂ ಕೈಮುಗಿದೆ. ಎಲ್ಲ ಚೆನ್ನಾಗಿತ್ತು, ಬರೆಯೋಕೆ ಕೂತರೆ ಒಂದೂ ಕೈಗೆ ಬರುತ್ತಿಲ್ಲ. ಕೆಜಿಎಫ್‌ನಲ್ಲೂ ಬೆಳಿಗ್ಗೆಯಿಂದ ನೋಡಿದ್ದು ಬಹುಪಾಲು ಬೀಗವನ್ನೇ. 2001ರ ಫೆಬ್ರವರಿ ಕೊನೆಗೆ ಮುಚ್ಚಿದ ಗಣಿ. ಕಬ್ಬಿಣದ ಗೋಪುರಗಳನ್ನು ದೂರದಿಂದ ನೋಡಬಹುದು, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳನ್ನೂ ನೋಡಬಹುದು. ಸಿನಿಮಾ ನೋಡಿ ಬಂದ ಹುಡುಗರು ಗೇಟಿನ ಮುಂದೆ ಗಡ್ಡ ನೀವಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಟೋದವನು "ಒಳಗೆ ಬಿಡಿಸ್ತೀನಿ" ಅಂತ ಮುನ್ನೂರು ರೂಪಾಯಿ ತೆಗೆದುಕೊಂಡು ಇದೇ ಗೇಟಿಗೆ ತಂದು ನಿಲ್ಲಿಸಿದ್ದ. ಅದೂ ಇನ್ನೂ ಉರಿಯುತ್ತಿದೆ.

ಸ್ಟೇಷನ್ನಿನಿಂದ ಸ್ವಲ್ಪ ದೂರಕ್ಕೆ ಒಂದು ಟೀ ಅಂಗಡಿ, ಅದರ ಎದುರಿಗೆ ಬಯಲು. ಬಯಲಿನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಭಾನುವಾರ ಮಧ್ಯಾಹ್ನ ನಮ್ಮ ಕಡೆ ಯಾವ ಬಯಲಿಗೆ ಹೋದರೂ ನಾಲ್ಕು ಕ್ರಿಕೆಟ್ ಮ್ಯಾಚು ಒಂದರ ಮೇಲೊಂದು ನಡೀತಿರುತ್ತವೆ. ಇಲ್ಲಿ ಒಂದು ಬ್ಯಾಟೂ ಕಾಣಲಿಲ್ಲ. ಗೋಲಿನ ಕಂಬಗಳಿಗೆ ಯಾರೋ ಸುಣ್ಣ ಬೇರೆ ಬಳಿದಿದ್ದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇಷ್ಟೆಲ್ಲ ಆಡ್ತಾರೆ, ಇಂಡಿಯಾ ಫುಟ್‌ಬಾಲಲ್ಲಿ ಯಾವತ್ತು ಏನ್ ಗೆದ್ದಿದೆ?" ಅಂದೆ, ಅಂಗಡಿಯವನಿಗೆ.

ಅಂಗಡಿಯವನು ಉತ್ತರ ಕೊಡದೆ ಮೂಲೆಯ ಬೆಂಚಿನ ಕಡೆ ನೋಡಿದ. "ಕೋಚ್, ಇವ್ರು ಏನೋ ಕೇಳ್ತಾವ್ರೆ."

ಮೂಲೆಯಲ್ಲಿದ್ದ ಮುದುಕರು ಪೇಪರ್ ಮಡಿಚಿಟ್ಟರು. ಹಣೆಯ ಮೇಲೆ ಕೂದಲಿನೊಳಗೆ ಹೋಗುವ ಹಳೇ ಗಾಯದ ಗೆರೆ, ಕಾಲಿಗೆ ಕ್ಯಾನ್ವಾಸ್ ಶೂ. ಯಾವ ಟೀಮಿನ ಕೋಚ್ ಅಂತ ಕೊನೆಗೂ ಗೊತ್ತಾಗಲಿಲ್ಲ, ಎಲ್ಲರೂ ಹಾಗೇ ಕರೀತಿದ್ದರು. ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ಕೆಲಸ ಮಾಡಿದವರು, ಗಣಿ ಮುಚ್ಚಿದಾಗ ಮನೆಗೆ ಬಂದವರು. "ಆಡೋ ಹುಡುಗ್ರಿಗೆ ಮೇಲೆ ಕೆಲ್ಸ ಕೊಡ್ತಾರೆ ಅನ್ನೋರು ಸಾರ್. ನಂಗೆ ಕೆಳಗೇ ಕೊಟ್ರು" ಅಂತ ನಕ್ಕರು. ಆಮೇಲೆ ಎರಡು ಬೆರಳು ಎತ್ತಿದರು.

"ಎರಡು ಸಲ. ಏಷ್ಯನ್ ಗೇಮ್ಸ್. 51, 62."

ನಾನು ಒಲಿಂಪಿಕ್ಸ್ ಹಾಕಿಯ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಹಾಗಂತ ಅಂದುಬಿಟ್ಟೆ ಕೂಡ. ಅಲ್ಲಿಂದ ಶುರುವಾಗಿದ್ದು ಎರಡು ಗಂಟೆ ನಡೆಯಿತು.

1951ರದ್ದು ಮೊದಲನೇ ಏಷ್ಯನ್ ಗೇಮ್ಸ್, ನಡೆದದ್ದು ದೆಹಲಿಯಲ್ಲಿ. ಫುಟ್‌ಬಾಲಿಗೆ ಬಂದದ್ದು ಆರೇ ದೇಶ. ಇಂಡೊನೇಷ್ಯಾಗೆ ಮೂರು ಗೋಲು, ಅಫ್ಘಾನಿಸ್ತಾನಕ್ಕೆ ಮೂರು ಗೋಲು, ಫೈನಲ್ಲಿನಲ್ಲಿ ಇರಾನಿಗೆ ಒಂದು. ಹೊಡೆದವನು ಮೇವಾಲಾಲ್, ಕ್ಯಾಪ್ಟನ್ ಶೈಲೇನ್ ಮನ್ನಾ. ಇದನ್ನೆಲ್ಲ ಕೋಚ್ ಬಾಯಿಪಾಠದ ಹಾಗೆ ಒಪ್ಪಿಸಿದರು. ಅದು ಅವರು ಕೇಳಿ ತಿಳಿದದ್ದು. ಆ ಟೀಮಿನಲ್ಲಿ ಒಬ್ಬನ ವಿಷಯಕ್ಕೆ ಮಾತ್ರ ದನಿ ಬದಲಾಯಿತು. "ಅಹ್ಮದ್ ಖಾನ್. ನಮ್ಮ ಬೆಂಗಳೂರವ್ನು. ಬರಿಗಾಲು ಸಾರ್! ಬಾಲು ಕಾಲಿಗೆ ಅಂಟಿಸ್ಕೊಂಡಂಗೆ ಹೋಗೋನು ಅಂತ ನಮ್ಮಪ್ಪ ಹೇಳೋನು." ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹಾಕಿ, ನಾವು ಒಂದು ಹಾಕಿ, ಆಮೇಲೆ ಬೂಟು ಕಡ್ಡಾಯವಾಯಿತಂತೆ. "ಬೂಟ್ ಹಾಕ್ಸಿದ್ದು ಸರಿ" ಅಂದರು ಕೋಚ್, ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ..." ಅಂದರು.

62ಕ್ಕೆ ಬಂದಾಗ ಅವರಿಗೆ ಬಾಯಿಮಾತು ಸಾಲಲಿಲ್ಲ. "ಗ್ಲಾಸ್ ಕೊಡಪ್ಪ" ಅಂತ ಅಂಗಡಿಯವನನ್ನು ಕೇಳಿದರು. ಟೀ ತಗೊಂಡರೆ ಗ್ಲಾಸು, ಖಾಲಿ ಗ್ಲಾಸು ಕೊಡಲ್ಲ ಅಂದ ಆತ. ಇದು ಅವರಿಬ್ಬರ ಹಳೇ ವ್ಯವಹಾರ ಇರಬೇಕು. ನಾನು ಬೆಂಚಿನಲ್ಲಿದ್ದವರಿಗೆಲ್ಲ ಟೀ ಹೇಳಿದೆ. ಕುಡಿದು ಇಟ್ಟ ಹಾಗೆಲ್ಲ ಒಂದೊಂದು ಗ್ಲಾಸು ಬೋರಲಾಗಿ ಮೇಜಿನ ಮೇಲೆ ಆಟಗಾರನಾಗಿ ನಿಂತಿತು. ಎಣಿಸಿದರೆ ಒಂಬತ್ತು. "ಇನ್ನೂ ಇಬ್ರು ಕಮ್ಮಿ ಸಾರ್." ಬಯಲಿನಿಂದ ನೀರು ಕುಡಿಯಲು ಬಂದ ಇಬ್ಬರು ಹುಡುಗರಿಗೂ ಟೀ ಕೊಡಿಸಿದೆ. ಎದುರಾಳಿ ಕೊರಿಯಾಗೆ ಬಿಸ್ಕತ್ತು.

ಆಟ ನಡೆದದ್ದು ಜಕಾರ್ತದಲ್ಲಿ. ಇಸ್ರೇಲ್, ತೈವಾನ್ ಎರಡನ್ನೂ ಇಂಡೊನೇಷ್ಯಾ ಹೊರಗಿಟ್ಟಿತ್ತು. ಅದು ಸರಿಯಲ್ಲ ಎಂದು ದನಿ ಎತ್ತಿದವರು ಭಾರತದ ಕ್ರೀಡಾ ಅಧಿಕಾರಿ ಗುರುದತ್ ಸೋಂಧಿ. ಊರು ತಿರುಗಿಬಿತ್ತು. ನಮ್ಮವರು ಮೈದಾನಕ್ಕಿಳಿದರೆ ಗೇಲಿ, ರಾಷ್ಟ್ರಗೀತೆಗೂ ಕೂಗಾಟ. ಮೊದಲನೇ ಮ್ಯಾಚಿನಲ್ಲೇ ದಕ್ಷಿಣ ಕೊರಿಯಾ ಕೈಲಿ 2-0 ಸೋಲು. ಆಮೇಲೆ ಥಾಯ್ಲೆಂಡಿಗೆ ನಾಲ್ಕು, ಜಪಾನಿಗೆ ಎರಡು. ಥಾಯ್ಲೆಂಡ್ ಮ್ಯಾಚಿನಲ್ಲಿ ಬ್ಯಾಕ್ ಆಡುತ್ತಿದ್ದ ಜರ್ನೈಲ್ ಸಿಂಗ್‌ಗೆ ತಲೆ ಒಡೆದು ಹೊಲಿಗೆ ಬಿತ್ತು.

ಕೋಚ್ ಹುಡುಕಿ ಹುಡುಕಿ ಅಂಚು ಒಡೆದ ಒಂದು ಗ್ಲಾಸನ್ನು ತೆಗೆದು ಹಿಂದಿನ ಸಾಲಿನಲ್ಲಿಟ್ಟರು. "ಇದು ಜರ್ನೈಲ್. ಈಗ ಹೇಳಿ ಸಾರ್, ತಲೆಗೆ ಹೊಲಿಗೆ ಹಾಕಿರೋನ್ನ ನೀವ್ ಏನ್ ಮಾಡ್ತೀರಿ?"

"ಹೊರಗೆ ಕೂರಿಸ್ತೀನಿ."

"ನೀವೂ ಕೂರಿಸ್ತೀರಿ, ನಾನೂ ಕೂರಿಸ್ತೀನಿ. ರಹೀಮ್ ಸಾಹೇಬ್ರು ಕೂರಿಸ್ಲಿಲ್ಲ." ಗ್ಲಾಸನ್ನು ಮೇಜಿನ ಮೇಲೆ ಗರ್ ಅಂತ ಉಜ್ಜಿಕೊಂಡು ಹಿಂದಿನಿಂದ ಮುಂದಕ್ಕೆ, ಕೊರಿಯಾ ಬಿಸ್ಕತ್ತುಗಳ ನಟ್ಟನಡುವೆ ತಂದು ಕುಕ್ಕಿದರು. "ಸೆಂಟರ್ ಫಾರ್ವರ್ಡ್!"

ಆ ಇಂಡಿಯಾ ಟೀಮಿನ ಕೋಚ್, ಹೈದರಾಬಾದಿನ ಸ್ಕೂಲ್ ಮೇಷ್ಟ್ರು, ಸೈಯದ್ ಅಬ್ದುಲ್ ರಹೀಮ್. ಸೆಮಿಫೈನಲ್‌ನಲ್ಲೇ ಆ ಚಮತ್ಕಾರ ಶುರು ಮಾಡಿದ್ದರು. ದಕ್ಷಿಣ ವಿಯೆಟ್ನಾಂ ಮೇಲೆ 3-2 ಗೆದ್ದಾಗ ಜರ್ನೈಲ್ ಒಂದು ಹೊಡೆದಿದ್ದ. ಫೈನಲ್, ಸೆಪ್ಟೆಂಬರ್ 4, ಮತ್ತೆ ಅದೇ ದಕ್ಷಿಣ ಕೊರಿಯಾ, ಸೇನಯಾನ್ ಸ್ಟೇಡಿಯಂನಲ್ಲಿ ಲಕ್ಷ ಜನ. ಹಿಂದಿನ ದಿನವಷ್ಟೇ ಹಾಕಿ ಫೈನಲ್ಲಿನಲ್ಲಿ ನಮ್ಮನ್ನು ಸೋಲಿಸಿದ್ದ ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ಕೂತು ಇಂಡಿಯಾ ಇಂಡಿಯಾ ಅಂತ ಕೂಗಿದರಂತೆ. ಇದನ್ನು ಹೇಳುವಾಗ ಕೋಚ್ ಗ್ಲಾಸುಗಳಿಂದ ಕೈ ತೆಗೆದು ನನ್ನ ಮುಖ ನೋಡಿದರು. ನಂಬಿದೆನೋ ಇಲ್ಲವೋ ಅಂತ.

ಹದಿನೇಳನೇ ನಿಮಿಷಕ್ಕೆ ಪಿ.ಕೆ. ಬ್ಯಾನರ್ಜಿ. ಇಪ್ಪತ್ತಕ್ಕೆ ಒಡೆದ ಗ್ಲಾಸು. ಈ ಹೊತ್ತಿಗೆ ಮೇಜಿನ ಸುತ್ತ ಆರೇಳು ಜನ. ಚುನಿ ಗೋಸ್ವಾಮಿ ಕ್ಯಾಪ್ಟನ್, ಎಡಕ್ಕೆ ಬಲರಾಮ್, ಹಿಂದೆ ಅರುಣ್ ಘೋಷ್. ಕೊರಿಯಾದ ಇಬ್ಬರು ಡಿಫೆಂಡರುಗಳನ್ನು ಒಬ್ಬ ಹುಡುಗ ಟೀಗೆ ಅದ್ದಿ ತಿಂದುಬಿಟ್ಟಿದ್ದ. ಕೋಚ್ ಬೈದು, ಹೊಸ ಪ್ಯಾಕೆಟ್ ಒಡೆಸಿ ಮತ್ತಿಬ್ಬರನ್ನು ಇಳಿಸಿದರು. ಗೋಲಿಗೆ ಸಕ್ಕರೆ ಡಬ್ಬ, ಅದರ ಮುಂದೆ ಒಂದು ಗ್ಲಾಸು. "ಪೀಟರ್ ತಂಗರಾಜ್. ಈ ಎತ್ತರ! ಜ್ವರದಿಂದ ಎದ್ದು ಬಂದು ನಿಂತ್ಕೊಂಡ. ತಂಗಂ ಅಂದ್ರೆ ಏನು ಗೊತ್ತಾ ಸಾರ್ ನಿಮ್ಗೆ? ಬಂಗಾರ. ನಾವು ಲೈನ್ ಹುಡುಗ್ರು ಅವನು ನಮ್ಮೂರೋನೇ ಅಂತ ಬೆಟ್ ಕಟ್ತಿದ್ವಿ." ಆಗ ಅವರಿಗೆ ಹನ್ನೆರಡು ವರ್ಷ. ಗೆದ್ದ ಸುದ್ದಿ ಗಣಿಯ ಲೈನ್ ಮನೆಗಳಿಗೆ ಬಂದದ್ದು ಪೇಪರಿನಲ್ಲಿ. ಓದು ಬಂದ ಒಬ್ಬರು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿದ್ದು, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಊಟ ಬಿಟ್ಟು ಕೇಳುತ್ತ ನಿಂತಿದ್ದು.

ರಹೀಮ್ ಸಾಹೇಬರಿಗೆ ಕ್ಯಾನ್ಸರ್. ಮರುವರ್ಷ, 1963ರ ಜೂನ್‌ನಲ್ಲಿ ಹೋಗಿಬಿಟ್ಟರು.

"ಆಮೇಲೆ?" ಅಂದೆ. ಆಮೇಲಿನದ್ದು ಕೋಚ್‌ಗೆ ರುಚಿಯಿಲ್ಲ. 70ರಲ್ಲಿ ಬ್ಯಾಂಕಾಕ್‌ನಲ್ಲಿ ಜಪಾನ್ ಮೇಲೆ 1-0 ಗೆದ್ದು ಕಂಚು, ಅದೇ ಕೊನೇ ಪದಕ. 82ರಲ್ಲಿ ನಮ್ಮ ದೆಹಲಿಯಲ್ಲೇ ಸೌದಿಯವರು ಕ್ವಾರ್ಟರ್‌ಫೈನಲ್ಲಿನ ಕೊನೇ ಗಳಿಗೆಯಲ್ಲಿ ಗೋಲು ಹಾಕಿ ಕಳಿಸಿದರು. ಜರ್ಸಿ ಹಾಕಿದ್ದ ಹುಡುಗನೊಬ್ಬ ನಡುವೆ ಬಾಯಿ ಹಾಕಿದ: "ಕೋಚ್, ಈಗ ಏಷ್ಯನ್ ಗೇಮ್ಸ್‌ಗೆ ಅಂಡರ್ 23 ಹುಡುಗ್ರೇ, ದೊಡ್ಡೋರು ಮೂರೇ ಜನ. 2002ರಿಂದ." ಅವನಿಗೆ ಕೊರಿಯಾದ ಆಟಗಾರ ಸನ್ ಹ್ಯೂಂಗ್ ಮಿನ್ ವಿಷಯ ಪೂರ್ತಿ ಗೊತ್ತು. 2018ರಲ್ಲಿ ಕೊರಿಯಾ ಚಿನ್ನ ಗೆದ್ದಿದ್ದಕ್ಕೆ ಆತನಿಗೆ ಕಡ್ಡಾಯ ಮಿಲಿಟರಿ ಸೇವೆಯಿಂದ ವಿನಾಯಿತಿ ಸಿಕ್ಕಿತ್ತು. ಅದೇ ಜಕಾರ್ತ. ನಮ್ಮವರನ್ನು ಆ ಸಲ ಕಳಿಸಲೇ ಇಲ್ಲ, ಏಷ್ಯಾದ ಮೊದಲ ಎಂಟರಲ್ಲಿ ಇರಲಿಲ್ಲವಲ್ಲ. 2023ರಲ್ಲಿ ಹಾಂಗ್‌ಝೌಗೆ ಕಳಿಸಿದರು, ಹಿಂದಿನ ಸಂಜೆ ವಿಮಾನ ಇಳಿದು ಮಾರನೇ ದಿನ ಚೀನಾ ಎದುರು ಆಡಿ 5-1 ಸೋಲು.

"ರಾತ್ರಿ ಪಾಳಿ ಮುಗಿಸಿ ಬಂದೋನ್ನ ಹಂಗೇ ಮ್ಯಾಚಿಗೆ ಇಳಿಸಿದ್ರೆ ನಮ್ಮ ಮೇಸ್ತ್ರಿ ಕೂಡ ಬೈತಿದ್ದ" ಅಂದರು ಕೋಚ್. ಒಂದೊಂದೇ ಗ್ಲಾಸನ್ನು ಎತ್ತಿ ಅಂಗಡಿಯವನ ನೀರಿನ ಬಕೆಟ್ಟಿಗೆ ಇಳಿಬಿಟ್ಟರು. ಒಡೆದದ್ದನ್ನು ಮಾತ್ರ ಕೈಯಲ್ಲಿ ಇಟ್ಟುಕೊಂಡು, "ಇದ್ರಲ್ಲಿ ಯಾರ್ಗೂ ಕೊಡ್ಬೇಡ ಕಣಯ್ಯ, ತುಟಿ ಕುಯ್ಯುತ್ತೆ" ಅಂದರು. ಅಂಗಡಿಯವನು ಹನ್ನೊಂದು ಟೀ, ಎರಡು ಪ್ಯಾಕೆಟ್ ಬಿಸ್ಕತ್ತಿನ ದುಡ್ಡು ತಗೊಂಡ.

ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದೆ. ಅಲ್ಲಿಂದ ಬೆಂಗಳೂರಿಗೆ ರೈಲು ಸುಲಭ. ಮೊದಲೇ ಹೀಗೆ ಮಾಡಬೇಕಿತ್ತು. ಇಷ್ಟು ಹೆಸರಾದ ಅಲ್ಲಿನ ಬಿಳಿ ನೀರಿನ ಪಾನಿಪುರಿಯನ್ನೂ ತಿಂದೆ. ನೋಡೋಕೆ ಬರೀ ನೀರು, ಗಂಟಲಿಗೆ ಇಳಿದಾಗ ಖಾರ ಕಿವಿಗೆ ಹತ್ತುತ್ತದೆ. ಚೆನ್ನಾಗಿದೆ, ಆದರೆ ನನಗೆ ನಮ್ಮ ತುಮಕೂರಿನ ಹಸಿರು ಪಾನಿಯೇ ಸರಿ. ಬೈಯುವವರು ಬೈಯಲಿ.

ಎರಡನೇ ಪ್ಲೇಟಿಗೆ ಕಾಯುತ್ತ ಫೋನಿನಲ್ಲಿ 62ರ ಫೈನಲ್ ತೆಗೆದು ನೋಡಿದೆ. ಪಿ.ಕೆ. 17, ಜರ್ನೈಲ್ 20, ಎಲ್ಲ ಸರಿ. ಆದರೆ ಸ್ಕೋರು 2-1 ಅಂತಿತ್ತು. ಕೊನೆಗೆ ಐದು ನಿಮಿಷ ಇರುವಾಗ ಕೊರಿಯಾ ಒಂದು ಗೋಲು ಹೊಡೆದಿತ್ತು. ಮೇಜಿನ ಮೇಲೆ ಎರಡು ಗಂಟೆ ನಡೆದ ಆಟದಲ್ಲಿ ಯಾವ ಬಿಸ್ಕತ್ತೂ ಸಕ್ಕರೆ ಡಬ್ಬದ ಹತ್ತಿರ ಸುಳಿದಿರಲಿಲ್ಲ.