ಗ್ರಂಥಿಗೆ ಅಂಗಡಿಯ ಆರು ಡಬ್ಬಿಗಳು: ಆಮ್ಲ, ಪ್ರತ್ಯಾಮ್ಲ, ಲವಣ

ಗಾಂಧಿ ಬಜಾರಿನಂಥ ಕಡೆ ಗ್ರಂಥಿಗೆ ಅಂಗಡಿಗೆ ಹೋಗಿ ಪಟಿಕ (ಆಲಂ), ನವಸಾಗರ (ಅಮೋನಿಯಂ ಕ್ಲೋರೈಡ್), ಮೈಲುತುತ್ತ (ತಾಮ್ರದ ಸಲ್ಫೇಟ್), ಬಿಳಿಗಾರ (ಬೋರಾಕ್ಸ್), ಅಡುಗೆ ಸೋಡಾ, ಸುಣ್ಣ ಕಟ್ಟಿಸಿಕೊಂಡು ಬನ್ನಿ. ನಿರವಯವ ಸಂಯುಕ್ತಗಳ ವರ್ಗೀಕರಣ ಕಲಿಯಲು ಅಷ್ಟು ಸಾಕು. ಆಕ್ಸೈಡ್, ಆಮ್ಲ, ಪ್ರತ್ಯಾಮ್ಲ, ಲವಣ ಎಂಬ ನಾಲ್ಕು ಗುಂಪುಗಳಲ್ಲಿ ಅರಳಿದ ಸುಣ್ಣ ಪ್ರತ್ಯಾಮ್ಲಕ್ಕೆ ಸೇರುತ್ತದೆ. ಉಳಿದ ಐದೂ ಲವಣಗಳೇ.

ಮಕ್ಕಳು ಎಡವುವುದು ಇಲ್ಲೇ. ಲವಣ ಎಂದ ಮೇಲೆ ಅದರ ದ್ರಾವಣ ತಟಸ್ಥ ಎಂದುಕೊಳ್ಳುತ್ತಾರೆ. ಪಟಿಕ, ನವಸಾಗರ, ಮೈಲುತುತ್ತದ ದ್ರಾವಣಗಳು ಆಮ್ಲೀಯ. ಅಡುಗೆ ಸೋಡಾದ ಪಿಎಚ್ (7 ಇದ್ದರೆ ತಟಸ್ಥ, ಕಡಿಮೆ ಇದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ ಎನ್ನುವ ಅಳತೆ) ಸುಮಾರು 8.3, ಬಿಳಿಗಾರದ್ದು 9ಕ್ಕೂ ಮೇಲೆ. ಲವಣ ಹುಟ್ಟಿದ್ದು ಯಾವ ಆಮ್ಲ, ಯಾವ ಪ್ರತ್ಯಾಮ್ಲದಿಂದ ಎಂದು ನೋಡಿದರೆ ಕಾರಣ ಸಿಗುತ್ತದೆ. ನವಸಾಗರದ ಹಿಂದೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ, ದುರ್ಬಲ ಅಮೋನಿಯಾ ಇವೆ, ಹಾಗಾಗಿ ಆಮ್ಲದ ಕೈ ಮೇಲು. ಬಿಳಿಗಾರದಲ್ಲಿ ಪ್ರಬಲ ಸೋಡಿಯಂ ಹೈಡ್ರಾಕ್ಸೈಡ್, ದುರ್ಬಲ ಬೋರಿಕ್ ಆಮ್ಲ, ಅಲ್ಲಿ ಕ್ಷಾರದ್ದೇ (ನೀರಿನಲ್ಲಿ ಕರಗುವ ಪ್ರತ್ಯಾಮ್ಲದ್ದೇ) ಮೇಲುಗೈ. ಅಡುಗೆ ಸೋಡಾವನ್ನು ‘ಆಮ್ಲೀಯ ಲವಣ’ ಎನ್ನುವುದು ಅದರಲ್ಲಿ ಇನ್ನೂ ಬದಲಾಯಿಸಬಹುದಾದ ಒಂದು ಹೈಡ್ರೋಜನ್ ಉಳಿದಿದೆ ಎಂಬ ಅರ್ಥದಲ್ಲಿ ಮಾತ್ರ. ಅದರ ದ್ರಾವಣ ಹುಳಿ ಅಲ್ಲ.

ಸೂತ್ರ ನೋಡಿ ಗುಂಪು ಹೇಳುವುದೂ ಅಪಾಯ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯಲ್ಲಿ ಬೋರಾನಿಗೆ ಮೂರು ಓಎಚ್ (ಪ್ರತ್ಯಾಮ್ಲದ ಗುರುತೆಂದುಕೊಳ್ಳುವ ಆಕ್ಸಿಜನ್-ಹೈಡ್ರೋಜನ್ ಜೋಡಿ) ಅಂಟಿಕೊಂಡಿವೆ, ಆದರೂ ಅದು ಆಮ್ಲ. ಅದು ತನ್ನ ಹೈಡ್ರೋಜನ್ ಬಿಟ್ಟುಕೊಡುವುದಿಲ್ಲ, ನೀರಿನಿಂದ ಒಂದು ಓಎಚ್ ಕಸಿದುಕೊಂಡು ನೀರಿನ ಹೈಡ್ರೋಜನ್ ಅಯಾನನ್ನು ಹೊರಗೆ ಬಿಡುತ್ತದೆ. ಅಮೋನಿಯಾದಲ್ಲಿ ಓಎಚ್ ಇಲ್ಲವೇ ಇಲ್ಲ, ಅದು ಪ್ರತ್ಯಾಮ್ಲ. ಆಕ್ಸೈಡ್‌ಗಳದ್ದೂ ಇದೇ ಕತೆ. ಲೋಹದ ಆಕ್ಸೈಡ್ ಪ್ರತ್ಯಾಮ್ಲೀಯ, ಅಲೋಹದ್ದು ಆಮ್ಲೀಯ ಎಂಬ ನಿಯಮ ಕ್ರೋಮಿಯಂ ಟ್ರೈಆಕ್ಸೈಡ್ ಮುಂದೆ ಮುರಿಯುತ್ತದೆ. ಲೋಹದ ಆಕ್ಸೈಡ್ ಆದರೂ ಅದು ಆಮ್ಲೀಯ. ಅಲ್ಯೂಮಿನಿಯಂ ಆಕ್ಸೈಡ್ ಆಮ್ಲ, ಕ್ಷಾರ ಎರಡರಲ್ಲೂ ಕರಗುವ ಉಭಯಧರ್ಮಿ. ಅಲ್ಯೂಮಿನಿಯಂ ಪಾತ್ರೆಗೆ ವಾಷಿಂಗ್ ಸೋಡಾ ಹಾಕಿ ಕುದಿಸಬಾರದು ಎನ್ನುವುದು ಅದಕ್ಕೇ: ಮೇಲಿನ ರಕ್ಷಣಾ ಪದರ ಕರಗಿ ಲೋಹ ಸವೆಯುತ್ತದೆ.

ಪರೀಕ್ಷೆಗೆ ಅರಿಶಿನ ಕಾಗದ ಸಾಕು. ಒಂದು ಟೀ ಚಮಚ ಅರಿಶಿನವನ್ನು 50 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ತಿಳಿಯನ್ನು ಬಸಿದು, ಫಿಲ್ಟರ್ ಕಾಗದವನ್ನು ಅದ್ದಿ ನೆರಳಲ್ಲಿ ಒಣಗಿಸಿ. ಬೆಂಕಿಯ ಹತ್ತಿರ ಬೇಡ. ಕ್ಷಾರ ತಾಗಿದರೆ ಕಾಗದ ಕೆಂಪಾಗುತ್ತದೆ, ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದಾಗ ಆಗುವಂತೆಯೇ. ಆಮ್ಲ ಮತ್ತು ತಟಸ್ಥ ದ್ರಾವಣಗಳೆರಡಕ್ಕೂ ಹಳದಿಯೇ ಇರುವುದರಿಂದ ಅವನ್ನು ಬೇರ್ಪಡಿಸಲು ಆಮ್ಲಕ್ಕೆ ಮಾತ್ರ ಕೆಂಪಾಗುವ ನೀಲಿ ಲಿಟ್ಮಸ್ ಕಾಗದ ಬೇಕು. ಒಂದೊಂದು ಗ್ರಾಂ ಪುಡಿಯನ್ನು 20 ಮಿ.ಲೀ. ನೀರಿಗೆ ಹಾಕಿ ಕದಡಿ. ಪೂರ್ತಿ ಕರಗದಿದ್ದರೆ ಮೇಲಿನ ತಿಳಿಯಲ್ಲಿ ನೋಡಿ. ಬೆಂಗಳೂರಿನ ಬೋರ್‌ವೆಲ್ ನೀರು ಬೇಡ, ಅದರಲ್ಲಿರುವ ಬೈಕಾರ್ಬೊನೇಟ್ ದುರ್ಬಲ ಆಮ್ಲವನ್ನು ಮೊದಲೇ ತಿಂದುಹಾಕುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಸುಣ್ಣದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಒಂದೇ ಕ್ಯಾಲ್ಸಿಯಂ ಅಲ್ಲಿ ಮೂರು ಗುಂಪುಗಳನ್ನು ಸುತ್ತಿ ಬರುತ್ತದೆ. 100 ಗ್ರಾಂ ಶುದ್ಧ ಸುಣ್ಣಕಲ್ಲು ಲವಣ. ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೋಗಿ 56 ಗ್ರಾಂ ಸುಟ್ಟ ಸುಣ್ಣ, ಅಂದರೆ ಆಕ್ಸೈಡ್, ಉಳಿಯುತ್ತದೆ. ಅದು 18 ಗ್ರಾಂ ನೀರು ಹೀರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ, ಇದು ಪ್ರತ್ಯಾಮ್ಲ. ಅರಳುವಾಗ ನೀರು ಕುದಿಯುವಷ್ಟು ಬಿಸಿ ಏಳಬಹುದು, ಕಣ್ಣಿಗೆ ಕನ್ನಡಕ ಇರಲಿ. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ನಿಧಾನವಾಗಿ ಮತ್ತೆ ಲವಣ.

ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹಳೆಯ ಸುಣ್ಣದಿಂದ ಕೆಡುವುದು ಹೀಗೆ. ತಾರಸಿ ತೋಟಕ್ಕೆ 1 ಲೀಟರ್ ಬೇಕಾದರೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಹೊಸ ಸುಣ್ಣ. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ಮೈಲುತುತ್ತವನ್ನು ಸುಣ್ಣದ ಹಾಲಿಗೆ ಸುರಿಯಿರಿ. ಕಬ್ಬಿಣದ ಬಕೆಟ್ ಆಗದು, ತಾಮ್ರ ಅದರ ಮೇಲೆ ಕೂರುತ್ತದೆ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರ ಅಂಟಿದ್ದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಎಲೆ ಸುಡುತ್ತದೆ. ಅಂಟದಷ್ಟು ಆಗುವವರೆಗೆ ಸುಣ್ಣದ ಹಾಲು ಸೇರಿಸಿ, ಅದೇ ದಿನ ಸಿಂಪಡಿಸಿ.